ಇಡಗುಂದಿಯಿಂದ ಆಲ್ಸ್‌ಮೀರ್‌ಗೆ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಯಲ್ಲಾಪುರ ದಾಟಿ, ಇಡಗುಂದಿ ಕಳೆದು, ಅರಬೈಲ್ ಘಟ್ಟದ ತಿರುವುಗಳಿಗೆ ಇಳಿಯುತ್ತದೆ. ಒಂದು ಕಾಲಕ್ಕೆ 63, ಈಗ 52 ಎಂಬ ಸಂಖ್ಯೆಯ ಈ ದಾರಿಯಲ್ಲಿ ಹಗಲಿರುಳೂ ಲಾರಿಗಳ ಸದ್ದು. ರಸ್ತೆ ಬಿಟ್ಟು ಸ್ವಲ್ಪ ಒಳಗೆ ಸರಿದರೆ ಸೊಪ್ಪಿನ ಬೆಟ್ಟ, ಬೆಟ್ಟದ ಬುಡಕ್ಕೆ ಅಡಕೆ ತೋಟ, ತೋಟದ ತಲೆಗೆ ಹೆಂಚಿನ ಮನೆ, ಮನೆಯೆದುರು ಅಡಕೆ ಒಣಗಿಸುವ ಅಂಗಳ. ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ಇಂಥ ಮನೆಗಳ ಜಗಲಿಯ ಮೇಲೆ ಕಾಲೇಜುಗಳ ಬಣ್ಣಬಣ್ಣದ ಪುಸ್ತಿಕೆಗಳು ಹರಡಿಕೊಳ್ಳುತ್ತವೆ. ಬಿಬಿಎ, ಎಂಬಿಎ ಕಲಿಸುವ ಖಾಸಗಿ ವಿಶ್ವವಿದ್ಯಾಲಯಗಳ ಪುಸ್ತಿಕೆಯಲ್ಲಿ ಈಗ ಒಂದು ಸಾಲು ತಪ್ಪದೆ ಇರುತ್ತದೆ: ಅಂತರರಾಷ್ಟ್ರೀಯ ಅಧ್ಯಯನ ಪ್ರವಾಸ. ದುಬೈ, ಸಿಂಗಪುರ, ಮಲೇಷ್ಯಾ. ಹೆಚ್ಚು ಶುಲ್ಕದ ಕಡೆಗಳಲ್ಲಿ ಯುರೋಪು. ವಾರವೋ ಹತ್ತು ದಿನವೋ ಇರುವ ಈ ಪ್ರವಾಸದಲ್ಲಿ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ, ಒಂದು ಬಂದರು, ಒಂದು ಕಾರ್ಖಾನೆ, ಕೊನೆಗೆ ಒಂದು ವರದಿ. ಖರ್ಚು ಶುಲ್ಕದ ಹೊರಗೆ.

ಖರ್ಚಿನ ಮೊತ್ತ ಓದಿದ ಕೂಡಲೇ ಜಗಲಿಯಲ್ಲಿ ಅದು ಅಡಕೆಯ ಲೆಕ್ಕಕ್ಕೆ ತಿರುಗುತ್ತದೆ. ರಾಶಿ ಅಡಕೆಗೆ ಕ್ವಿಂಟಲಿಗೆ ನಲವತ್ತು-ಐವತ್ತು ಸಾವಿರ ಸಿಕ್ಕ ವರ್ಷದಲ್ಲಿ ಒಂದೂವರೆ ಲಕ್ಷದ ಪ್ರವಾಸವೆಂದರೆ ಮೂರು ಕ್ವಿಂಟಲ್, ಇಲ್ಲವೇ ಅದಕ್ಕೂ ಹೆಚ್ಚು. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದವರಿಗೆ ಮೂರು ಕ್ವಿಂಟಲ್ ಎಂದರೆ ಎಷ್ಟು ದಿನದ ಆಳು, ಎಷ್ಟು ಬಿಸಿಲು ಎಂಬುದು ಗೊತ್ತು. ಆಗ ಅಜ್ಜಿಯ ಬಾಯಿಂದ ಬರುವ ಪ್ರಶ್ನೆ ಚಿಕ್ಕದು: ‘ಅಲ್ಲಿ ಎಂತ ಇದ್ದು ಅಂತ ಹೋಪದು?’

ಈ ಪ್ರಶ್ನೆಗೆ ಪುಸ್ತಿಕೆ ಉತ್ತರಿಸುವುದಿಲ್ಲ. ಬಂದರಿನ ಮುಂದೆ ಸಾಲಾಗಿ ನಿಂತ ಕೋಟುಧಾರಿ ವಿದ್ಯಾರ್ಥಿಗಳ ಫೋಟೊ ತೋರಿಸುತ್ತದೆ. ಪ್ರಶ್ನೆ ಮಾತ್ರ ನ್ಯಾಯವಾದದ್ದು, ವ್ಯವಹಾರ ಕಲಿಸುವ ದೊಡ್ಡ ದೊಡ್ಡ ಶಾಲೆಗಳೂ ಕೇಳಿಕೊಂಡದ್ದು. ಹಾರ್ವರ್ಡ್ ಬಿಸಿನೆಸ್ ಸ್ಕೂಲು 1908ರಲ್ಲಿ ಆರಂಭವಾಯಿತು. ಒಂದೊಂದು ಕಂಪೆನಿಯ ಕಥೆ ಓದಿಕೊಂಡು ಬಂದು ತರಗತಿಯಲ್ಲಿ ವಾದಿಸುವ ಕ್ರಮಕ್ಕೆ ಹೆಸರಾದ ಶಾಲೆ ಅದು. 2008ರ ಹಣಕಾಸು ಬಿಕ್ಕಟ್ಟಿನ ನಂತರ, ಓದಿ ವಾದಿಸಿದರಷ್ಟೇ ಸಾಲದು ಎಂಬ ಅರಿವು ಅಲ್ಲಿಗೂ ಬಂತು. 2011ರಲ್ಲಿ ಹೊಸ ಪಾಠಕ್ರಮ ತಂದು, ಮುಂದಿನ ಜನವರಿಯಲ್ಲಿ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿಗಳನ್ನು ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಕಳಿಸಿದರು. ಅವರನ್ನು ಸಣ್ಣ ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಆಯಾ ದೇಶದ ಒಂದು ಕಂಪೆನಿಯ ನಿಜವಾದ ಸಮಸ್ಯೆಯನ್ನು ಮೊದಲೇ ಒಪ್ಪಿಸಲಾಗಿತ್ತು. ವಿಮಾನ ಹತ್ತುವ ಮೊದಲೇ ಅವರ ಕೈಯಲ್ಲಿ ಒಂದು ಕೆಲಸವಿತ್ತು. ನಮ್ಮ ಬೆಂಗಳೂರಿನ ಐಐಎಂನಲ್ಲಿಯೂ ವಿದೇಶಿ ಶಾಲೆಗಳೊಂದಿಗೆ ವಿದ್ಯಾರ್ಥಿ ವಿನಿಮಯವಿದೆ, ಅನುಭವಸ್ಥರಿಗಾಗಿ ನಡೆಸುವ ಒಂದು ವರ್ಷದ ಕೋರ್ಸಿನಲ್ಲಿ ವಿದೇಶಿ ಅಧ್ಯಯನದ ಭಾಗವಿದೆ. ಅಂದಮೇಲೆ ಪ್ರವಾಸ ಬೇಕೆ ಬೇಡವೆ ಎಂಬ ತಕರಾರು ಮುಗಿದಿದೆ. ಏನು ಕೇಳಲು ಹೋಗುವುದು ಎಂಬುದು ಉಳಿದಿದೆ.

ಇಡಗುಂದಿಯ ಹುಡುಗಿಗೋ ಹುಡುಗನಿಗೋ ಆ ಪ್ರಶ್ನೆ ಮನೆ ಮುಂದಿನ ದಾರಿಯಲ್ಲೇ ಸಿಗುತ್ತದೆ. ಯಾಕೆಂದರೆ ಅಧ್ಯಯನ ಪ್ರವಾಸ ಎಂಬುದು ಈ ಸೀಮೆಗೆ ಹೊಸದಲ್ಲ. ಹೊರಗಿನವರು ಇಲ್ಲಿಗೆ ಬಂದು ಅಧ್ಯಯನ ಮಾಡಿಕೊಂಡು ಹೋದದ್ದೇ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮದರಾಸಿನಿಂದ ಹೊರಟ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಒಪ್ಪಿಸಿದ್ದು ಹೊಸದಾಗಿ ಕೈಸೇರಿದ ಸೀಮೆಯ ಕೃಷಿ, ಕಸುಬು, ವ್ಯಾಪಾರಗಳ ಸಮೀಕ್ಷೆ. 1801ರಲ್ಲಿ ಅವನು ಕರಾವಳಿಯಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಯ ಕಡೆ ಸಾಗಿದ. ಅಡಕೆ, ಮೆಣಸು, ಏಲಕ್ಕಿಯ ತೋಟಗಳಿಗೆ ಹೋಗಿ, ಗಿಡ ಎಷ್ಟು ವರ್ಷಕ್ಕೆ ಫಲಕ್ಕೆ ಬರುತ್ತದೆ, ಆಳಿಗೆ ಕೂಲಿ ಎಷ್ಟು, ತೆರಿಗೆ ಎಷ್ಟು, ಸರಕು ಯಾವ ಪೇಟೆಗೆ ಹೋಗುತ್ತದೆ ಎಂದು ಕೇಳುತ್ತ ಹೋದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ಯಾರ ಲಾಭಕ್ಕಾಗಿ ಕೇಳಿದ ಎಂಬುದು ಗೊತ್ತಿದ್ದದ್ದೇ. ಆದರೂ ಉತ್ತರ ಕನ್ನಡದ ತೋಟಗಾರಿಕೆಯ ಚರಿತ್ರೆ ಬರೆಯುವವರು ಇಂದಿಗೂ ಅವನ ಪುಟ ತೆರೆಯುತ್ತಾರೆ. ಸಂತೆಯ ಬಣ್ಣವನ್ನಷ್ಟೇ ನೋಡಿ ಮುಂದೆ ಹೋಗುವವನು ಅವನಾಗಿರಲಿಲ್ಲ. ಧಾರಣೆ ಕೇಳಿದ, ಅಳತೆ ಕೇಳಿದ, ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಹತ್ತಿರ ತಾಳೆ ನೋಡಿದ.

ಅವನು ಬಂದುಹೋದ ಅರವತ್ತು ವರ್ಷಕ್ಕೆ ಹತ್ತಿಯವರು ಬಂದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳು ಮುಚ್ಚಿ, ಅಲ್ಲಿಯ ಹತ್ತಿಯನ್ನೇ ನಂಬಿದ್ದ ಮ್ಯಾಂಚೆಸ್ಟರಿನ ಗಿರಣಿಗಳು ಸ್ತಬ್ಧವಾದವು. ಧಾರವಾಡದ ಕರಿಮಣ್ಣಿನಲ್ಲಿ ಅಮೆರಿಕದ ತಳಿಯ ಹತ್ತಿ ಆಗಲೇ ಬೆಳೆಯುತ್ತಿತ್ತು. ಅದನ್ನು ಸಮುದ್ರಕ್ಕೆ ತಲುಪಿಸುವ ದಾರಿ ಬೇಕಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪೆನಿ ತನ್ನ ಕಾರ್ಯದರ್ಶಿ ಹೇವುಡ್ ಎಂಬವರನ್ನೇ ಇಲ್ಲಿಗೆ ಕಳಿಸಿತು. ಕಾರವಾರದ ಎದುರಿನ ಸದಾಶಿವಗಡದಲ್ಲಿ ಹತ್ತಿ ಒತ್ತುವ ಯಂತ್ರಗಳನ್ನು ಇಳಿಸುವ ಏರ್ಪಾಡಾಯಿತು. ಕಾರವಾರ ಬಂದರು ಮತ್ತು ಧಾರವಾಡದ ಹತ್ತಿ ಒಂದೇ ಆಡಳಿತಕ್ಕೆ ಬರಲೆಂದು 1862ರಲ್ಲಿ ಉತ್ತರ ಕನ್ನಡವನ್ನೇ ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಒಂದು ಜಿಲ್ಲೆಯ ಯಜಮಾನಿಕೆ ಬದಲಾದದ್ದು ಏಳು ಸಮುದ್ರದಾಚೆಯ ಗಿರಣಿಗಳ ಹಸಿವಿನಿಂದ. ಘಟ್ಟದಲ್ಲಿ ಗಾಡಿಯ ರಸ್ತೆಗಳು ಬಂದವು. ಅರಬೈಲ್ ಘಟ್ಟದ ರಸ್ತೆ ಆ ಕಾಲದ ಒತ್ತಡದ ಕೂಸು.

ಯಂತ್ರಗಳು ಬಂದಾಗ ರಸ್ತೆ ಸಿದ್ಧವಿರಲಿಲ್ಲ. ರಸ್ತೆ ಸಿದ್ಧವಾಗುವ ಹೊತ್ತಿಗೆ, 1865ರಲ್ಲಿ, ಯುದ್ಧ ಮುಗಿದು ಹತ್ತಿಯ ಧಾರಣೆ ಕುಸಿಯಿತು. 1880ರ ದಶಕದ ಕೊನೆಗೆ ಗೋವೆಯ ಮುರಗಾಂವಕ್ಕೆ ರೈಲು ಬಂದಾಗ ಹುಬ್ಬಳ್ಳಿಯ ಸರಕು ಆ ಕಡೆ ಹರಿಯಿತು. ಕಾರವಾರ ಬಂದರು ಕಂಡ ಕನಸು ಅಲ್ಲಿಗೇ ನಿಂತಿತು. ಹುಬ್ಬಳ್ಳಿ–ಅಂಕೋಲಾ ರೈಲು ಇಂದಿಗೂ ಬಂದಿಲ್ಲ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಮಂಜೂರಾದ ಆ ಮಾರ್ಗ ಕಾಡಿನ ಮರಗಳ ಲೆಕ್ಕದಲ್ಲಿ, ಕೋರ್ಟಿನ ಕಟಕಟೆಯಲ್ಲಿ ಸಿಕ್ಕಿಕೊಳ್ಳುತ್ತ ಬಂದಿದೆ. ಬೇಡಿಕೆ ಹೇಗೆ ಹುಟ್ಟುತ್ತದೆ, ಬಂಡವಾಳ ಹೇಗೆ ತಡವಾಗಿ ಬರುತ್ತದೆ, ಸರಕು ಸುಲಭದ ದಾರಿಯನ್ನು ಹೇಗೆ ಹುಡುಕಿಕೊಳ್ಳುತ್ತದೆ, ಇದನ್ನೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯವಾಗಿ ಓದಿಸುತ್ತಾರೆ. ಇಡಗುಂದಿಯ ಬಸ್ ನಿಲ್ದಾಣದಲ್ಲಿ ನಿಂತವರ ಕಣ್ಣೆದುರು ಅದೆಲ್ಲ ಒಂದೇ ರಸ್ತೆಯಾಗಿ ಮಲಗಿದೆ.

ಅದೇ ರಸ್ತೆಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಅದಿರು ಹರಿಯಿತು. ಚೀನಾ ಉಕ್ಕಿಗಾಗಿ ಹಪಹಪಿಸುತ್ತಿದ್ದ ಕಾಲ. ಬೀಜಿಂಗ್ ಒಲಿಂಪಿಕ್ಸಿಗೆ, ಅಲ್ಲಿನ ಹೊಸ ಊರುಗಳಿಗೆ ಬೇಕಾದ ಉಕ್ಕಿನ ಅದಿರು ಬಳ್ಳಾರಿ, ಹೊಸಪೇಟೆಯಿಂದ ಟಿಪ್ಪರುಗಳಲ್ಲಿ ಹೊರಟು ಯಲ್ಲಾಪುರ, ಇಡಗುಂದಿ, ಅರಬೈಲ್ ಮಾರ್ಗವಾಗಿ ಬೇಲೇಕೇರಿ ಬಂದರಿಗೆ ಇಳಿಯುತ್ತಿತ್ತು. ರಸ್ತೆ ಪಕ್ಕದ ಎಲೆಗಳ ಮೇಲೆ ಕೆಂಧೂಳು. ರಸ್ತೆ ದಾಟುವುದೇ ಜೀವಭಯದ ಕೆಲಸವಾಗಿದ್ದ ವರ್ಷಗಳು ಅವು. 2010ರಲ್ಲಿ ಬೇಲೇಕೇರಿಯಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದ ಅದಿರಿನ ದೊಡ್ಡ ಪಾಲು ರಾಶಿಯಿಂದಲೇ ಮಾಯವಾಗಿ ಹಡಗು ಹತ್ತಿದ್ದು ಬೆಳಕಿಗೆ ಬಂತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ವರದಿ ರಾಜ್ಯದ ರಾಜಕಾರಣವನ್ನೇ ಅಲ್ಲಾಡಿಸಿತು. ಸಿಂಗಪುರದ ಬಂದರು ಎಷ್ಟು ದಕ್ಷ ಎಂದು ಗ್ಯಾಲರಿಯಿಂದ ನೋಡುವ ವಿದ್ಯಾರ್ಥಿಗೆ ಬೇಲೇಕೇರಿಯ ಕಥೆ ಗೊತ್ತಿದ್ದರೆ, ಕ್ರೇನಿನ ಎತ್ತರಕ್ಕಿಂತ ಮೊದಲು ಅವಳು ಬೇರೆಯದನ್ನು ಕೇಳುತ್ತಾಳೆ. ಇಲ್ಲಿ ತೂಕ ಮಾಡುವವರು ಯಾರು? ಕಾಗದಕ್ಕೂ ಸರಕಿಗೂ ತಾಳೆ ನೋಡುವವರು ಯಾರು? ಅವರ ಮೇಲೆ ಯಾರಿದ್ದಾರೆ? ಆ ಪ್ರಶ್ನೆಗಳಿಗೆ ಸಿಂಗಪುರದಲ್ಲಿ ಒಳ್ಳೆಯ ಉತ್ತರಗಳಿವೆ. ಕೇಳಿದವರಿಗೆ ಮಾತ್ರ ಅವು ಸಿಗುತ್ತವೆ.

ಹತ್ತಿ, ಅದಿರಿಗಿಂತ ಹಳೆಯ ಇನ್ನೊಂದು ವ್ಯಾಪಾರದ ಗುರುತೂ ಇಲ್ಲಿದೆ. ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಅವರ ಪೂರ್ವಜರು ಆಫ್ರಿಕಾದ ಪೂರ್ವ ಕರಾವಳಿಯಿಂದ ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳ ಹಡಗುಗಳಲ್ಲಿ, ಬಹಳಷ್ಟು ಮಂದಿ ಗುಲಾಮರಾಗಿ ಬಂದವರು. ಮನುಷ್ಯರೇ ಸರಕಾಗಿದ್ದ ವ್ಯಾಪಾರದ ಸಾಕ್ಷಿ ಅದು. ಆ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರಾದ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು. ವ್ಯವಹಾರದ ನೀತಿಯನ್ನು ಕಲಿಸುವ ತರಗತಿಗೆ ಇದಕ್ಕಿಂತ ಹತ್ತಿರದ ಪಾಠ ಇಲ್ಲಿ ಇನ್ನೊಂದಿಲ್ಲ. ಇಡಗುಂದಿಯ ಹುಡುಗಿ ದುಬೈಯ ಹಳೆಯ ಸಂಬಾರದ ಪೇಟೆಯಲ್ಲಿ ನಿಂತಾಗ, ಆ ಕೊಲ್ಲಿಗೂ ತನ್ನ ತಾಲೂಕಿನ ಕೆಲವು ಮನೆಗಳಿಗೂ ಇರುವ ಈ ನಂಟು ಅವಳಿಗೆ ತಿಳಿದಿರಬೇಕು.

ಅಜ್ಜಿಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟ ವಿದೇಶ ಅಧ್ಯಯನವೂ ಒಂದಿದೆ. ಅದರ ಫಲ ಅಜ್ಜಿಯ ಮನೆಯ ಪಾಸ್‌ಬುಕ್ಕಿನಲ್ಲೇ ಇದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈತರು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದರು. ಮದರಾಸು ಸರ್ಕಾರ 1892ರಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಯುರೋಪಿನ ಕೃಷಿ ಬ್ಯಾಂಕುಗಳನ್ನು ಅಧ್ಯಯನ ಮಾಡುವ ಕೆಲಸ ಒಪ್ಪಿಸಿತು. ಅವರ ಕಣ್ಣು ಹೋಗಿ ನಿಂತದ್ದು ಜರ್ಮನಿಯ ಹಳ್ಳಿಗಳ ಮೇಲೆ. ಅಲ್ಲಿ ಫ್ರೀಡ್ರಿಶ್ ರೈಫೈಸನ್ ಎಂಬ ಊರ ಮುಖ್ಯಸ್ಥ 1860ರ ದಶಕದಲ್ಲಿ ರೈತರ ಸಾಲ ಸಂಘಗಳನ್ನು ಕಟ್ಟಿದ್ದರು. ಊರಿನವರೇ ಸದಸ್ಯರು, ಒಬ್ಬರ ಸಾಲಕ್ಕೆ ಎಲ್ಲರ ಹೊಣೆ, ಪರಸ್ಪರ ಪರಿಚಯವೇ ಭದ್ರತೆ. ನಿಕಲ್ಸನ್ 1895ರಿಂದ 97ರ ನಡುವೆ ದೊಡ್ಡ ವರದಿ ಬರೆದು, ಈ ದೇಶಕ್ಕೆ ಬೇಕಾದದ್ದು ರೈಫೈಸನ್ ತರಹದ ಮನುಷ್ಯ ಎಂಬ ತೀರ್ಮಾನಕ್ಕೆ ಬಂದರು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿ ದೇಶಕ್ಕೇ ಮೇಲ್ಪಂಕ್ತಿ ಹಾಕಿದರು. 1923ರಲ್ಲಿ ಶಿರಸಿಯ ತೋಟಿಗರು ಅಡಕೆ ಮಾರುವುದಕ್ಕಾಗಿಯೇ ತಮ್ಮ ಸಂಘ ಮಾಡಿಕೊಂಡರು: ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಎಲ್ಲರ ಬಾಯಲ್ಲಿ ಟಿಎಸ್‌ಎಸ್. ಅದರ ಶಾಖೆ ಯಲ್ಲಾಪುರದಲ್ಲೂ ಇದೆ. ಇಡಗುಂದಿಯ ಅಡಕೆ ಚೀಲ ಇಳಿಯುವುದು ಇಂಥ ಸಂಘಗಳ ಅಂಗಳದಲ್ಲಿ.

ಜರ್ಮನಿಯ ಹಳ್ಳಿಗೂ ಶಿರಸಿಯ ವಖಾರಿಗೂ ನಡುವೆ ಹೀಗೆ ನೇರ ಗೆರೆ ಎಳೆಯಬಹುದು. ಆ ಗೆರೆಯ ನಟ್ಟನಡುವೆ ಒಬ್ಬ ಅಧಿಕಾರಿಯ ಅಧ್ಯಯನವಿದೆ. ಅವರು ಹೊರಟದ್ದು ಒಂದೇ ಪ್ರಶ್ನೆ ಹೊತ್ತು: ಸಾಲದಿಂದ ರೈತನನ್ನು ಬಿಡಿಸುವುದು ಹೇಗೆ? ನೋಡಿದ್ದನ್ನು ವರದಿ ಮಾಡಿದರು, ವರದಿ ಕಾಯ್ದೆಯಾಯಿತು, ಕಾಯ್ದೆಯನ್ನು ಊರಿನವರು ತಮ್ಮ ಕೈಗೆ ತೆಗೆದುಕೊಂಡರು.

ಮಳೆಗಾಲದಲ್ಲಿ ಅಡಕೆ ಮರದ ಕೊನೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಕಥೆಯೂ ಹೀಗೆಯೇ. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿತು. ಅದನ್ನು ಮಲೆನಾಡಿನ ಅಡಕೆಗೆ ತಂದವರು ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅವರು ಮೊದಲು ಮಾಡಿದ ಕೆಲಸ ಇಲ್ಲಿಯ ಕೊಳೆರೋಗವನ್ನು ಇಲ್ಲಿಯ ತೋಟದಲ್ಲೇ ನಿಂತು ಅಭ್ಯಾಸ ಮಾಡಿದ್ದು. ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಹೊಡೆದ ಔಷಧಿ ತೊಳೆದುಹೋಗದಂತೆ ರಾಳ ಸೇರಿಸುವ ರೂಢಿ ನಮ್ಮ ತೋಟಗಳಲ್ಲಿ ಇಂದಿಗೂ ಇದೆ.

ಸಂಘದ ಅಂಗಳದ ವ್ಯಾಪಾರವನ್ನು ಸ್ವಲ್ಪ ನಿಂತು ನೋಡಬೇಕು. ಬೆಳೆಗಾರ ತಂದ ಅಡಕೆ ಅಲ್ಲಿ ಜಾತಿವಾರು ಬೇರೆಯಾಗುತ್ತದೆ: ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು. ಬಲಿಯುವ ಮೊದಲೇ ಕೊಯ್ದು ಬೇಯಿಸಿ ಒಣಗಿಸಿದ್ದಕ್ಕೆ ಒಂದು ದಾರಿ, ಹಣ್ಣಾಗಿ ಬಿಸಿಲಲ್ಲಿ ಒಣಗಿದ ಚಾಲಿಗೆ ಇನ್ನೊಂದು ದಾರಿ. ಪ್ರತಿಯೊಬ್ಬನ ಮಾಲಿಗೂ ಲಾಟ್ ನಂಬರು. ಖರೀದಿದಾರರು ಲಾಟಿನಿಂದ ಲಾಟಿಗೆ ನಡೆಯುತ್ತಾರೆ. ಹಿಡಿ ತೆಗೆದು ಬಣ್ಣ ನೋಡುತ್ತಾರೆ, ಅಡಕತ್ತರಿಯಲ್ಲಿ ಹೋಳು ಮಾಡಿ ಒಳಗಣ ಗೆರೆ ನೋಡುತ್ತಾರೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಧಾರಣೆಯನ್ನು ಗುಟ್ಟಾಗಿ ಬರೆದುಕೊಡುತ್ತಾರೆ. ಇದೇ ಟೆಂಡರು. ತೆರೆದಾಗ ಹೆಚ್ಚು ಬರೆದವನಿಗೆ ಮಾಲು. ಆ ಧಾರಣೆ ಬೆಳೆಗಾರನಿಗೆ ಒಪ್ಪಿಗೆಯಾಗದಿದ್ದರೆ ‘ಇವತ್ತು ಬೇಡ’ ಎಂದು ಮಾಲು ಉಳಿಸಿಕೊಳ್ಳುವ ಹಕ್ಕು ಅವನಿಗಿದೆ. ಇಟ್ಟ ಮಾಲಿನ ಮೇಲೆ ಸಂಘದಿಂದ ಮುಂಗಡವೂ ಸಿಗುತ್ತದೆ. ಕೈಯಲ್ಲಿ ಕಾಸಿಲ್ಲದೆ ಬಂದ ಬೆಲೆಗೆ ಮಾರುವ ಸ್ಥಿತಿಯಿಂದ ರೈತನನ್ನು ತಪ್ಪಿಸಿದ್ದು ಈ ಎರಡು ಸೌಕರ್ಯ.

ಈಗ ನೆದರ್‌ಲೆಂಡ್ಸಿಗೆ ಹೋಗೋಣ. ಆಮ್‌ಸ್ಟರ್‌ಡಾಮ್ ಹತ್ತಿರದ ಆಲ್ಸ್‌ಮೀರ್ ಎಂಬ ಊರಿನಲ್ಲಿ ಜಗತ್ತಿನ ಬಲು ದೊಡ್ಡ ಹೂವಿನ ಹರಾಜು ನಡೆಯುತ್ತದೆ. ಯುರೋಪಿನ ವ್ಯವಹಾರ ಕೋರ್ಸುಗಳ ಪ್ರವಾಸಿ ತಂಡಗಳು ಗ್ಯಾಲರಿಯಲ್ಲಿ ನಡೆಯುತ್ತ ಕೆಳಗೆ ಹೂವಿನ ಗಾಡಿಗಳು ಸಾಲುಗಟ್ಟಿ ಓಡುವುದನ್ನು ನೋಡುತ್ತವೆ. ಅಲ್ಲಿನ ಹರಾಜು ಮೇಲಿನಿಂದ ಕೆಳಕ್ಕೆ. ದೊಡ್ಡ ಗಡಿಯಾರದಂಥ ಫಲಕದ ಮೇಲೆ ಹೆಚ್ಚಿನ ಬೆಲೆಯಿಂದ ಆರಂಭಿಸಿ ಧಾರಣೆ ಇಳಿಯುತ್ತ ಬರುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಹೂವು. ಒಂದು ಕ್ಷಣ ತಡೆದರೆ ಇನ್ನಷ್ಟು ಅಗ್ಗ, ಆದರೆ ಅಷ್ಟರಲ್ಲಿ ಇನ್ನೊಬ್ಬ ಒತ್ತಿರುತ್ತಾನೆ. ಈ ಮಾರುಕಟ್ಟೆಯ ಒಡೆಯರು ಯಾರು? ಹೂವು ಬೆಳೆಯುವವರೇ. 1911, 1912ರಲ್ಲಿ ಆ ಊರಿನ ಬೆಳೆಗಾರರು ಕಟ್ಟಿಕೊಂಡ ಎರಡು ಸಂಘಗಳಿಂದ ಬೆಳೆದ ಸಹಕಾರಿ ಸಂಸ್ಥೆ ಅದು, ಇಂದಿನ ಹೆಸರು ರಾಯಲ್ ಫ್ಲೋರಾ ಹಾಲೆಂಡ್. ಕೀನ್ಯಾದಲ್ಲಿ ಅರಳಿದ ಗುಲಾಬಿಯೂ ಅಲ್ಲಿಗೆ ಬರುತ್ತದೆ.

ಆ ಗ್ಯಾಲರಿಯಲ್ಲಿ ನಿಂತ ಹತ್ತಾರು ವಿದ್ಯಾರ್ಥಿಗಳಲ್ಲಿ ಶಿರಸಿಯ ಟೆಂಡರು ನೋಡಿ ಬಂದವಳಿಗೆ ಒಂದು ವಿಶೇಷ ಲಾಭವಿದೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಹರಾಜುಗಳ ಬಗ್ಗೆ ಒಂದು ಪ್ರಬಂಧ ಬರೆದರು, 1996ರಲ್ಲಿ ನೊಬೆಲ್ ಪಡೆದರು. ಅವರು ತೋರಿಸಿದ ಸಂಗತಿ ಇದು: ಧಾರಣೆ ಇಳಿಯುತ್ತ ಬರುವ ಡಚ್ ಹರಾಜೂ ಗುಟ್ಟಾಗಿ ಚೀಟಿ ಬರೆಯುವ ಟೆಂಡರೂ ಲೆಕ್ಕದ ದೃಷ್ಟಿಯಿಂದ ಒಂದೇ ಆಟ. ಎರಡರಲ್ಲೂ ಎದುರಾಳಿ ಏನು ಕೊಡಬಲ್ಲ ಎಂಬುದು ತಿಳಿಯದು. ಎರಡರಲ್ಲೂ ಖರೀದಿದಾರ ತನ್ನ ಮನಸ್ಸಿನಲ್ಲೇ ಒಂದು ಬೆಲೆ ಕಟ್ಟಿಕೊಳ್ಳಬೇಕು, ಗೆದ್ದರೆ ಅಷ್ಟನ್ನೇ ಕೊಡಬೇಕು. ಹರಾಜಿನ ಸಿದ್ಧಾಂತಕ್ಕೆ 2020ರಲ್ಲಿ ಮಿಲ್‌ಗ್ರಾಮ್ ಮತ್ತು ವಿಲ್ಸನ್‌ರಿಗೂ ನೊಬೆಲ್ ಬಂತು. ನೊಬೆಲ್ ತಂದ ಗಣಿತವನ್ನು ಶಿರಸಿಯ ಖರೀದಿದಾರರು ದಿನವೂ ಅಡಕತ್ತರಿ ಹಿಡಿದು ಆಡುತ್ತಿದ್ದಾರೆ.

ಒಂದೇ ಆಟವೆಂದು ಗೊತ್ತಾದ ಮೇಲೆ ವ್ಯತ್ಯಾಸಗಳು ಎದ್ದು ಕಾಣುತ್ತವೆ, ಅಧ್ಯಯನ ಶುರುವಾಗುವುದೂ ಅಲ್ಲಿಂದಲೇ. ಹೂವು ಬಾಡುತ್ತದೆ, ಆದ್ದರಿಂದ ಅಲ್ಲಿ ಕ್ಷಣಕ್ಕೆ ಬೆಲೆ. ಅಡಕೆ ಇಟ್ಟರೆ ಉಳಿಯುತ್ತದೆ, ಆದ್ದರಿಂದ ಇಲ್ಲಿ ರೈತ ಕಾಯಬಲ್ಲ. ಅಲ್ಲಿ ಖರೀದಿದಾರ ಇಂದು ಮನೆಯಲ್ಲೇ ಕೂತು ಪರದೆಯ ಮೇಲೆ ಗುಂಡಿ ಒತ್ತುತ್ತಾನೆ, ಯಾಕೆಂದರೆ ಹೂವಿನ ದರ್ಜೆಯನ್ನು ಕಾಗದದ ಮೇಲೆ ನಂಬುವಷ್ಟು ಕಟ್ಟುನಿಟ್ಟು ಬಂದಿದೆ. ಇಲ್ಲಿ ಕೈಯಿಂದ ಮುಟ್ಟದೆ ಯಾರೂ ಧಾರಣೆ ಬರೆಯುವುದಿಲ್ಲ. ಅಡಕೆಯ ದರ್ಜೆಯನ್ನೂ ಹಾಗೆ ಬರೆದು ನಂಬಿಸಲು ಸಾಧ್ಯವೆ? ಸಾಧ್ಯವಾದರೆ ಗುಜರಾತಿನ ವ್ಯಾಪಾರಿ ಯಲ್ಲಾಪುರದ ಲಾಟಿಗೆ ನೇರವಾಗಿ ಧಾರಣೆ ಹಾಕುವಂತಾದೀತೆ? ಆಗ ಪೇಟೆಯ ಸಣ್ಣ ಖರೀದಿದಾರನ ಗತಿ? 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಅಡಕೆಗೆ ಸೇರಿದ್ದು. ಆ ಗುರುತಿನಿಂದ ಬೆಲೆ ಹುಟ್ಟಿಸುವುದು ಹೇಗೆ? ಇವೆಲ್ಲ ಒಂದು ಎಂಬಿಎ ತಂಡಕ್ಕೆ ಒಪ್ಪಿಸಬಹುದಾದ ಕೆಲಸಗಳು. ಆಲ್ಸ್‌ಮೀರಿನ ಗ್ಯಾಲರಿಗೆ ಕೊಟ್ಟ ವಿಮಾನದ ದುಡ್ಡು ಆಗ ಮೂರು ಕ್ವಿಂಟಲಿಗೆ ಸಮನಾಗುತ್ತದೆ.

ಪ್ರವಾಸದ ಊರನ್ನೂ ಈ ದೃಷ್ಟಿಯಿಂದಲೇ ಆರಿಸಬಹುದು. ದುಬೈ, ಸಿಂಗಪುರದ ಜೊತೆಗೆ ವಿಯೆಟ್ನಾಮ್ ಯಾಕಿರಬಾರದು? ಒಂದು ಕಾಲಕ್ಕೆ ಕರಿಮೆಣಸೆಂದರೆ ಮಲಬಾರು ಮತ್ತು ಕೆನರಾ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಸೀಮೆಯ ಮೆಣಸಿನ ದೆಸೆಯಿಂದ. ಈ ಶತಮಾನದ ಆರಂಭಕ್ಕೆ ವಿಯೆಟ್ನಾಮ್ ಮೆಣಸಿನ ರಫ್ತಿನಲ್ಲಿ ಜಗತ್ತಿಗೇ ಮೊದಲಾಯಿತು. ಅಲ್ಲಿ ಕಂಬ ನೆಟ್ಟು ಮೆಣಸನ್ನೇ ಮುಖ್ಯ ಬೆಳೆಯಾಗಿ ತೋಟ ಮಾಡುತ್ತಾರೆ. ಇಡಗುಂದಿಯಲ್ಲಿ ಅದು ಅಡಕೆ ಮರಕ್ಕೆ ಹಬ್ಬಿದ ಉಪಬೆಳೆ. ಅವರಿಗೆ ಇಳುವರಿ ಹೆಚ್ಚು. ಧಾರಣೆ ಬಿದ್ದಾಗ, ಸೊರಗು ರೋಗ ಬಂದಾಗ ಪೆಟ್ಟೂ ದೊಡ್ಡದು. ಹೊರಗಿನ ಅಗ್ಗದ ಮೆಣಸಿನಿಂದ ಇಲ್ಲಿಯ ರೈತರನ್ನು ಕಾಯಲು ಕೇಂದ್ರ ಸರ್ಕಾರ 2017ರಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಅಡಕೆಗೂ ಅಂಥ ತಡೆ ಇದೆ, 2023ರ ಫೆಬ್ರುವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ದೆಹಲಿಯ ಇಂಥ ಒಂದು ಸಾಲಿನ ಆದೇಶ ಯಲ್ಲಾಪುರದ ಪೇಟೆ ಧಾರಣೆಯನ್ನು ಅಲ್ಲಾಡಿಸುವುದನ್ನು ಬೆಳೆಗಾರರು ನೋಡುತ್ತಾರೆ. ಆಚೆ ಬದಿಯಲ್ಲಿ, ಇಂಡೊನೇಷ್ಯಾದಲ್ಲೋ ಶ್ರೀಲಂಕಾದಲ್ಲೋ ಅದೇ ಅಡಕೆ ಬೆಳೆಯುವ ಸಣ್ಣ ರೈತ ಏನು ಲೆಕ್ಕ ಹಾಕುತ್ತಿದ್ದಾನೆ ಎಂಬುದನ್ನು ಮಾತ್ರ ಇಲ್ಲಿಂದ ಯಾರೂ ಹೋಗಿ ಕೇಳುತ್ತಿಲ್ಲ.

ಕಷ್ಟದ ಪ್ರಶ್ನೆಗಳನ್ನೂ ಹೊತ್ತೊಯ್ಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಇನ್ನೊಂದೆಡೆ, ಅಡಕೆ ಮರದಿಂದ ತಾನಾಗಿ ಬೀಳುವ ಹಾಳೆಯಿಂದ ತಟ್ಟೆ ಒತ್ತಿ ಅಮೆರಿಕಕ್ಕೆ ಕಳಿಸುವ ಸಣ್ಣ ಉದ್ದಿಮೆಗಳು ಮಲೆನಾಡು, ಕರಾವಳಿಯಲ್ಲಿ ಚಿಗುರಿದ್ದವು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಳೆಯಲ್ಲಿರುವ ಅಂಶಗಳು ಊಟಕ್ಕೆ ಸೇರಬಹುದೆಂದು ಹೇಳಿ ಆ ತಟ್ಟೆಗಳ ಮಾರಾಟದ ವಿರುದ್ಧ ಎಚ್ಚರಿಕೆ ಹೊರಡಿಸಿತು. ಇಲ್ಲಿಯ ಘಟಕಗಳಿಗೆ ಅದು ಸಿಡಿಲು. ವಿದೇಶದ ಕಚೇರಿಯ ಒಂದು ಪತ್ರಕ್ಕೆ ಪ್ರಯೋಗಾಲಯದ ಅಂಕಿಅಂಶದಿಂದ ಉತ್ತರಿಸುವುದು ಹೇಗೆ, ಆ ದೇಶದ ನಿಯಮ ಯಾವ ಹಂತದಲ್ಲಿ ಯಾರ ಅಹವಾಲು ಕೇಳುತ್ತದೆ, ಸಣ್ಣ ಉದ್ದಿಮೆಗಳು ಒಟ್ಟಾಗಿ ವಕೀಲರನ್ನು ಇಡುವುದು ಹೇಗೆ, ಇದು ವಿದೇಶ ಅಧ್ಯಯನದಿಂದಲೇ ಬರಬೇಕಾದ ತಿಳಿವಳಿಕೆ. ತಟ್ಟೆ ಒತ್ತುವ ಹೆಂಗಸರ ದಿನಗೂಲಿ ಇದರ ಮೇಲೆ ನಿಂತಿದೆ.

ಕಾಕತಾಳೀಯವಾಗಿ, ಬೆಂಗಳೂರಿನ ಐಐಎಂ ಮತ್ತು ಮಂಗಳೂರಿನ ಕ್ಯಾಂಪ್ಕೊ ಎರಡೂ ಹುಟ್ಟಿದ್ದು 1973ರಲ್ಲಿ. ಒಂದನ್ನು ಸ್ಥಾಪಿಸಿದ್ದು ಸಾರ್ವಜನಿಕ ರಂಗದ ಉದ್ದಿಮೆಗಳಿಗೆ ಆಡಳಿತಗಾರರನ್ನು ತಯಾರಿಸಲೆಂದು. ಇನ್ನೊಂದನ್ನು ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಕೆ ಬೆಳೆಗಾರರು ಕಟ್ಟಿಕೊಂಡರು. ಮುಂದೆ ಕೊಕ್ಕೊ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಕ್ಯಾಂಪ್ಕೊ ತಾನೇ ಖರೀದಿಗಿಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಈ ಎರಡು ಸಂಸ್ಥೆಗಳ ನಡುವಿನ ಹಾದಿಯಲ್ಲಿ ವ್ಯವಹಾರ ಶಿಕ್ಷಣ ಇನ್ನೂ ಸಾಕಷ್ಟು ನಡೆದಿಲ್ಲ. ಬಿಬಿಎ ಓದುವ ಯಲ್ಲಾಪುರದ ಹುಡುಗರಿಗೆ ಪಠ್ಯದಲ್ಲಿ ಸಿಗುವುದು ಅಮೆರಿಕದ ಸೂಪರ್ ಮಾರ್ಕೆಟ್ಟುಗಳ ಉದಾಹರಣೆ. ನೂರು ವರ್ಷ ದಾಟಿದ ತಮ್ಮದೇ ಜಿಲ್ಲೆಯ ಸಂಘದ ಲೆಕ್ಕಪತ್ರ ತೆರೆದು ಪಾಠ ಮಾಡುವ ಮೇಷ್ಟರು ವಿರಳ.

ಇದನ್ನು ಸರಿಮಾಡುವುದು ಕಷ್ಟದ ಕೆಲಸವಲ್ಲ. ಪ್ರವಾಸಕ್ಕೆ ಮುಂಚಿನ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳು ಒಂದು ವಾರ ಸಂಘದ ವಖಾರಿಯಲ್ಲಿ ಕೆಲಸ ಮಾಡಲಿ. ಲಾಟ್ ಬರೆಯಲಿ, ತೂಕ ನೋಡಲಿ, ಟೆಂಡರು ತೆರೆಯುವಾಗ ಪಕ್ಕದಲ್ಲಿರಲಿ. ಒಂದು ದಿನ ಹಾಳೆ ತಟ್ಟೆಯ ಘಟಕದಲ್ಲಿ, ಒಂದು ದಿನ ಬೇಲೇಕೇರಿಯ ದಡದಲ್ಲಿ ಕಳೆಯಲಿ. ಆಮೇಲೆ ಪ್ರತಿ ತಂಡವೂ ತನ್ನ ಒಂದು ಪ್ರಶ್ನೆಯನ್ನು ಬರೆದು ಮೇಷ್ಟರಿಂದ ಒಪ್ಪಿಗೆ ಪಡೆದು ಹೊರಡಲಿ. ದುಡ್ಡಿಲ್ಲದ ಮನೆಯ ಮಕ್ಕಳ ಖರ್ಚಿಗೆ ಸಂಘಗಳು, ಬ್ಯಾಂಕುಗಳು ಕೈಜೋಡಿಸಲಿ. ತಮ್ಮ ಸಮಸ್ಯೆಗೆ ಉತ್ತರ ತರಲು ಹೋಗುವವರಿಗೆ ಕೊಟ್ಟ ದುಡ್ಡು ಅದು, ಸದಸ್ಯರು ಬೇಡವೆನ್ನಲಾರರು.

ವರದಿ ಎಲ್ಲಿ ಓದಬೇಕು ಎಂಬುದೂ ಮುಖ್ಯ. ಈಗ ಅದು ಇಂಗ್ಲಿಷಿನಲ್ಲಿ ಅಚ್ಚಾಗಿ, ಅಂಕ ಪಡೆದು, ಕಾಲೇಜಿನ ಕಪಾಟು ಸೇರುತ್ತದೆ. ಅದನ್ನು ಕನ್ನಡದಲ್ಲಿ ಬರೆದು ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ, ಬೆಳೆಗಾರರ ಎದುರು, ಆ ಹುಡುಗಿಯೇ ಎದ್ದು ನಿಂತು ಓದಲಿ. ಆಲ್ಸ್‌ಮೀರಿನಲ್ಲಿ ಬೆಳೆಗಾರನಿಂದ ಸಂಘ ಎಷ್ಟು ಕಮಿಷನ್ ಹಿಡಿಯುತ್ತದೆ, ಮಾರಾಟವಾಗದ ಹೂವನ್ನು ಏನು ಮಾಡುತ್ತಾರೆ, ಖರೀದಿದಾರ ದುಡ್ಡು ತಪ್ಪಿಸಿದರೆ ಯಾರು ಹೊಣೆ ಎಂದು ಹಿಂದಿನ ಸಾಲಿನ ಹಿರಿಯರು ಕೇಳುತ್ತಾರೆ. ಅಂಕ ಕೊಡುವ ಪರೀಕ್ಷಕರಿಗಿಂತ ಅವರು ಬಿಗಿ, ಯಾಕೆಂದರೆ ಅವರ ಅಡಕೆ ಹೊರಗೆ ಚೀಲದಲ್ಲಿದೆ. ಕೆಲವಕ್ಕೆ ಅವಳಲ್ಲಿ ಉತ್ತರವಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ಉತ್ತರ ಸಿಗದೆ ಉಳಿದವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಕಾಲೇಜಿಗೆ ಕಳಿಸಬೇಕು, ಮರುವರ್ಷದ ತಂಡ ಟಿಕೆಟ್ ಮಾಡಿಸುವ ಮೊದಲು ಅದನ್ನು ಓದಲು ಸಿಗುವ ಹಾಗೆ.